ಮೂರು ತಿಂಗಳ ಸಕ್ಕರೆ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ನಲವತ್ತು ದಾಟುವಷ್ಟರಲ್ಲಿ ಸಕ್ಕರೆ ಕಾಯಿಲೆ ಬಂತು. ಪ್ರತಿ ತಿಂಗಳು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಿತ್ತು. ಅದಕ್ಕೆ ಮೂರು ದಿನ ಮೊದಲು ಬಾದುಷಾ, ಸಕ್ಕರೆ ಚಹಾ ಬಿಟ್ಟು ಅರ್ಧ ಜೋಳದ ರೊಟ್ಟಿ, ಸೊಪ್ಪಿನ ಪಲ್ಯಕ್ಕೆ ಇಳಿಯುತ್ತಿದ್ದೆ. ಗುಳಿಗೆಯನ್ನು ತಪ್ಪದೆ ನುಂಗುತ್ತಿದ್ದದ್ದೂ ಆ ಮೂರು ದಿನ ಮಾತ್ರ. ವರದಿ ಚೆನ್ನಾಗಿಯೇ ಬರುತ್ತಿತ್ತು. ರಕ್ತ ಕೊಟ್ಟು ಹೊರಬಂದವಳೇ ಸಿಹಿ ಅಂಗಡಿಗೆ ಹೋಗುತ್ತಿದ್ದೆ.

ನಾನು ತೋರಿಸಿಕೊಳ್ಳುತ್ತಿದ್ದ ವೈದ್ಯರ ಬಳಿಗೆ ಕುರುಗೋಡಿನಿಂದ ಹೊಲದ ಕೆಲಸದ ಹೆಂಗಸೊಬ್ಬಳು ಬರುತ್ತಿದ್ದಳು. ಅವಳ ಸಕ್ಕರೆ ಪ್ರತಿ ಸಲ ಏರಿರುತ್ತಿತ್ತು. ಒಮ್ಮೆ ವೈದ್ಯರು ಎಲ್ಲರೆದುರು ಗದರಿದರು. "ಈ ಟೀಚರನ್ನ ನೋಡಿ ಕಲಿಬೇಕವ್ವ. ಬಾಯಿ ಕಟ್ಟಿದ್ರ ಹಿಂಗ ಇರತೈತಿ."

ನಾನು ಸುಮ್ಮನೆ ನಕ್ಕೆ. ಹೊರಗಿನ ಬೆಂಚಿನ ಮೇಲೆ ಅವಳು ಹತ್ತಿರ ಸರಿದು ಕೇಳಿದಳು. "ಟೀಚರಮ್ಮ, ನೀವೇನು ಉಣತೀರಿ? ನನಗೂ ಹೇಳ್ರಿ."

ತರಗತಿಯಲ್ಲಿ ಹೇಳುವಂತೆ ಹೊತ್ತುಹೊತ್ತಿನ ಊಟ ವಿವರಿಸಿದೆ. ಓದು ಬರಹ ಬಾರದ ಅವಳು ಒಂದೊಂದನ್ನೂ ತಿರುಗಿ ಹೇಳಿ ಬಾಯಿಪಾಠ ಮಾಡಿಕೊಂಡಳು.

ನಾಲ್ಕೈದು ತಿಂಗಳಾದ ಮೇಲೆ ವೈದ್ಯರು ನಮ್ಮಿಬ್ಬರದೂ ಸೇರಿ ಕೆಲವರ ರಕ್ತವನ್ನು ಹೊಸ ಪರೀಕ್ಷೆಗೆಂದು ಬೆಂಗಳೂರಿಗೆ ಕಳಿಸಿದರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಂಥದೊಂದು ಪರೀಕ್ಷೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ವರದಿ ಬಂದ ದಿನ ನಾವಿಬ್ಬರೂ ಒಟ್ಟಿಗೆ ಒಳಗೆ ಹೋದೆವು. ಅವಳದು ಚೆನ್ನಾಗಿತ್ತು. ನನ್ನದು ತೀರಾ ಹೆಚ್ಚು.

"ಸಕ್ಕರಿ ರಕ್ತದ ಕೆಂಪು ಕಣಕ್ಕ ಅಂಟಿದ್ರ, ಆ ಕಣ ಸಾಯೋತನಕ ಬಿಡಂಗಿಲ್ಲ ಟೀಚರ್," ಎಂದರು ವೈದ್ಯರು. "ಮೂರು ದಿನದ್ದಲ್ಲ, ಎರಡು ಮೂರು ತಿಂಗಳಿಂದು ಇದರಾಗ ಕಾಣತೈತಿ."

ಅಷ್ಟರಲ್ಲಿ ಅವಳೇ ಬಾಯಿ ಹಾಕಿದಳು. "ಮಿಷಿನ್ ತಪ್ಪಿರಬೇಕ್ರೀ ಡಾಕ್ಟ್ರ. ಇವರು ಹಂಗ ಪಥ್ಯ ಬಿಡೋರಲ್ಲ."

ನಾನು ವರದಿ ಮಡಚಿ ಚೀಲಕ್ಕೆ ಹಾಕಿಕೊಂಡೆ. ಬಸ್ ಸ್ಟ್ಯಾಂಡಿನವರೆಗೆ ಅವಳ ಹಿಂದೆಯೇ ಹೋಗಿ, ಅಲ್ಲಿ ನಿಂತು ಎಲ್ಲ ಹೇಳಿದೆ.

"ಹಂಗಾರ ಅವತ್ತು ನನಗ ಹೇಳಿದ್ದು ಸುಳ್ಳೇನ್ರಿ?"

"ಹೇಳಿದ್ದು ಖರೇನ. ನಾನು ಮಾಡಲಿಲ್ಲ, ಅಷ್ಟ."

ಅವಳು ನನ್ನನ್ನೇ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಬಸ್ಸು ಬಂತು, ಹತ್ತಿ ಹೋದಳು.

ನಿಜವಾಗಿ ಪಥ್ಯ ಹಿಡಿದ ಮೇಲೂ ನನ್ನ ಸಕ್ಕರೆ ಹತೋಟಿಗೆ ಬರಲು ವರ್ಷ ಬೇಕಾಯಿತು. ಆಮೇಲೂ ಆಸ್ಪತ್ರೆಯಲ್ಲಿ ಸಿಕ್ಕಾಗ ಅವಳು ಸರಿದು ಕೂತು ನನಗೆ ಜಾಗ ಕೊಡುತ್ತಿದ್ದಳು, ಮಳೆ ಬೆಳೆ ಮಾತಾಡುತ್ತಿದ್ದಳು. ಏನು ತಿನ್ನಬೇಕೆಂದು ಮಾತ್ರ ಮತ್ತೆಂದೂ ಕೇಳಲಿಲ್ಲ.