ಹಸಿವಾದೀತೆಂಬ ಭಯ

ಬೇಲೂರಿನ ದೇವಸ್ಥಾನದ ಅಂಗಳದಲ್ಲಿ ನನ್ನ ಕಾಲು ಸುಟ್ಟಿತು. ಸುಟ್ಟಿದ್ದು ನನಗೆ ಗೊತ್ತಾಗಲಿಲ್ಲ.

ಬೇಸಿಗೆ ರಜೆಯಲ್ಲಿ ಗಂಡನ ಕಡೆಯ ನೆಂಟರು ಬಂದಿದ್ದರು. ಅವರಿಗೆ ಬೇಲೂರು ತೋರಿಸಿಕೊಂಡು ಬರೋಣವೆಂದು ಅರಸೀಕೆರೆಯಿಂದ ಹೊರಟಿದ್ದೆವು. ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿ, ಅಂಗಳದ ಚಪ್ಪಡಿಗಳು ಕಾದ ಹಂಚಿನಂತಾಗಿದ್ದವು. ಎಲ್ಲರೂ "ಅಯ್ಯಯ್ಯೋ" ಎನ್ನುತ್ತಾ ನೆರಳಿಗೆ ಓಡಿದರು. ನಾನೊಬ್ಬಳೇ ನಿಧಾನವಾಗಿ ನಡೆದು ಹೋದೆ. "ಟೀಚರಮ್ಮಂಗೆ ಬಿಸಿನೇ ತಾಗಲ್ಲ ನೋಡ್ರಿ" ಎಂದು ಯಾರೋ ನಕ್ಕರು. ನಾನೂ ನಕ್ಕೆ. ಓಡುವ ಮೈ ನನ್ನದಾಗಿರಲಿಲ್ಲ.

ಸಂಜೆ ಮನೆಯಲ್ಲಿ ಕಾಲು ತೊಳೆಯುವಾಗ ಬಚ್ಚಲಿನ ನೆಲದಲ್ಲಿ ತೆಳ್ಳನೆಯ ಚರ್ಮದ ಸಿಪ್ಪೆಯೊಂದು ಕಂಡಿತು. ಬಗ್ಗಿ ಪಾದ ನೋಡಿಕೊಳ್ಳೋಣವೆಂದರೆ ಹೊಟ್ಟೆ ಅಡ್ಡ ಬಂತು. ಗಂಡನನ್ನು ಕರೆದೆ. ಅವರು ನನ್ನ ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ನೋಡಿದರು.

"ಇದೇನೇ ಇದು, ಇಷ್ಟು ದೊಡ್ಡ ಬೊಬ್ಬೆ! ಒಡೆದು ಹೋಗಿದೆ. ಉರೀತಿಲ್ವಾ?"

"ಇಲ್ಲಾರೀ."

"ಒಂಚೂರೂ?"

"ಇಲ್ಲ."

ಬಾಗಿಲಲ್ಲಿ ನಿಂತಿದ್ದ ಅವ್ವ ಹಾಗೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಅವಳಿಗೆ ಏನು ನೆನಪಾಯಿತೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ನಮ್ಮ ವಂಶದಲ್ಲೇ ಸಂಬಳ ಎಣಿಸಿದ ಮೊದಲನೆಯವರು. ಸಕ್ಕರೆ ಕಾಯಿಲೆಯಿತ್ತು. ಒಂದು ದಿನ ಮೊಳೆ ತುಳಿದು, ಅದು ಚಪ್ಪಲಿ ದಾಟಿ ಪಾದಕ್ಕೆ ಇಳಿದಿದ್ದರೂ ತಿಳಿಯದೆ ಸಾಯಂಕಾಲದವರೆಗೆ ಓಡಾಡಿದ್ದರು. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಅಲ್ಲಿಂದ ಮುಂದೆ ಅವರು ಹೆಚ್ಚು ಕಾಲ ಉಳಿಯಲಿಲ್ಲ. ನನಗೂ ಅದೇ ಕಾಯಿಲೆ. ಆಗಿನ್ನೂ ನನಗೆ ನಲವತ್ತು ತುಂಬಿರಲಿಲ್ಲ.

ತೂಕ ಇಳಿಸಿ ಸಕ್ಕರೆಯನ್ನು ಹತೋಟಿಗೆ ತರಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳುವ ಯೋಚನೆ ಹುಟ್ಟಿದ್ದು ಆ ಬಚ್ಚಲಲ್ಲಿ. ಅದಕ್ಕೂ ಮುಂಚೆ ಎಷ್ಟೋ ಸಲ ತೂಕ ಇಳಿಸಲು ಹೊರಟು ಸೋತಿದ್ದೆ. ಸೋಲಿಸುತ್ತಿದ್ದುದು ಹಸಿವು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಆದರೆ ನಿಜವಾದ ಹಸಿವನ್ನು ನಾನು ಕಂಡದ್ದೇ ಅಪರೂಪ. ಹಸಿವಾದೀತು ಎಂಬ ಭಯ ಅದಕ್ಕಿಂತ ಮೊದಲೇ ಬಂದು ನಿಲ್ಲುತ್ತಿತ್ತು. ಬಾಣಾವರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ, ದಿನವೂ ಅರಸೀಕೆರೆಯಿಂದ ರೈಲಿನಲ್ಲಿ ಹೋಗಿ ಬರುತ್ತೇನೆ. ದೂರವೇನೂ ಇಲ್ಲ. ಆದರೂ ಮನೆಯಲ್ಲಿ ತಿಂಡಿ ತಿಂದು, ದಾರಿಯಲ್ಲಿ ಬೇಕಾದೀತೆಂದು ಸ್ಟೇಷನ್ನಿನ ಮುಂದೆ ಇಡ್ಲಿ ವಡೆ ಕಟ್ಟಿಸಿಕೊಂಡು, ಬ್ಯಾಗಿನಲ್ಲಿ ನಿಪ್ಪಟ್ಟು, ಕೊಬ್ಬರಿ, ಬೆಲ್ಲ ಇಟ್ಟುಕೊಂಡು ಹತ್ತುತ್ತಿದ್ದೆ. ಮುಂದಿನ ಊಟ ಎಲ್ಲಿ, ಎಷ್ಟು ಹೊತ್ತಿಗೆ ಎನ್ನುವುದು ತಿಳಿಯದಿದ್ದರೆ ಪಾಠ ಮಾಡಲೂ ಆಗುತ್ತಿರಲಿಲ್ಲ.

ಒಮ್ಮೆ ಸಂಜೆ ವಾಪಸು ಬರುವಾಗ ರೈಲು ನಡುದಾರಿಯಲ್ಲಿ ನಿಂತುಬಿಟ್ಟಿತು. ಎರಡೂ ಕಡೆ ತೆಂಗಿನ ತೋಟ. ಬ್ಯಾಗ್ ಬಿಚ್ಚಿದರೆ ಒಂದು ಚೂರು ಬೆಲ್ಲವೂ ಇರಲಿಲ್ಲ, ಮಧ್ಯಾಹ್ನವೇ ಎಲ್ಲ ಮುಗಿಸಿದ್ದೆ. ಸ್ವಲ್ಪ ಹೊತ್ತಿಗೆ ಬೆವರು ಶುರುವಾಯಿತು, ಕೈ ನಡುಗಿತು, ಕಣ್ಣು ಮಂಜಾಯಿತು. ರೈಲು ಹೊರಡುವುದೇ ಇಲ್ಲವೇನೋ, ಇಲ್ಲೇ ಸತ್ತುಹೋಗುತ್ತೇನೇನೋ ಅನಿಸಿತು. ಎದುರು ಸೀಟಿನಲ್ಲಿ ಒಬ್ಬ ಹೆಂಗಸು ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನಾನು ಆ ಡಬ್ಬಿಯನ್ನೇ ನೋಡುತ್ತಿದ್ದೆ.

"ಅದರಲ್ಲಿ ತಿನ್ನೋದೇನಾದ್ರೂ ಇದೆಯೇನಮ್ಮಾ?" ಎಂದು ಕೇಳಿಯೇಬಿಟ್ಟೆ.

ಅವಳು ನನ್ನ ಮೈಯನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಮುಖ ನೋಡಿದಳು. "ಚಿತ್ರಾನ್ನ ಐತೆ, ತಗಳಿ" ಎಂದು ಡಬ್ಬಿಯನ್ನೇ ಕೊಟ್ಟಳು. ಕೈಯಿಂದ ಬಾಚಿ ತಿಂದೆ. ಪೂರ್ತಿ ಖಾಲಿಯಾದ ಮೇಲೆ ಅದು ಅವಳ ಊಟವೆಂದು ಹೊಳೆಯಿತು. ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ರೈಲು ಹೊರಟಿತು. ಅರಸೀಕೆರೆಯಲ್ಲಿ ಅವಳು ಜನರ ನಡುವೆ ಇಳಿದು ಹೋದಳು.

ಮೈಸೂರಿನ ಆಸ್ಪತ್ರೆಯೊಂದರಲ್ಲಿ ನನ್ನನ್ನು ನೋಡಿದ ಸರ್ಜನ್ ನನ್ನಷ್ಟೇ ವಯಸ್ಸಿನ ಹೆಂಗಸು. ಹೊಟ್ಟೆಯ ಚೀಲದ ಬಹುಭಾಗ ಕತ್ತರಿಸಿ ತೆಗೆದುಬಿಡುತ್ತಾರೆ, ಉಳಿಯುವುದು ಒಂದು ಬಾಳೆಹಣ್ಣಿನಷ್ಟು ಸಣ್ಣ ಕೊಳವೆ. ಹಸಿವು ಹುಟ್ಟಿಸುವ ರಸವೂ ಆ ತೆಗೆದ ಭಾಗದ ಜೊತೆಗೇ ಬಹಳಷ್ಟು ಹೋಗುತ್ತದೆ. ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು.

"ಹಾಗಾದ್ರೆ ಹಸಿವು ಹೋಗೇ ಹೋಗುತ್ತಾ ಡಾಕ್ಟ್ರೇ?"

"ಮೊದಮೊದಲು ಹೋಗುತ್ತೆ. ಆಮೇಲೆ ನಿಧಾನವಾಗಿ ಬರುತ್ತೆ. ಅದು ಬರೋದ್ರೊಳಗೆ ನೀವು ಬೇರೆ ಥರ ಉಣ್ಣೋದು ಕಲ್ತಿರಬೇಕು. ಇಲ್ದಿದ್ರೆ ತೂಕಾನೂ ವಾಪಸ್ ಬರುತ್ತೆ."

ಅಪಾಯಗಳನ್ನೆಲ್ಲ ಅವರು ಮುಚ್ಚಿಡದೆ ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಒಂದೇ: ಹೊಲಿದ ಜಾಗ ಸೋರಬಹುದು.

ಅವ್ವನಿಗೆ ಹೇಗೆ ಹೇಳುವುದೆಂದೇ ದೊಡ್ಡ ಚಿಂತೆಯಾಯಿತು. ಗೆಂಡೆಹಳ್ಳಿಯ ಕಡೆ ಅವಳು ಹುಡುಗಿಯಾಗಿದ್ದಾಗ ರಾಗಿ ಕೊಯ್ದಾದ ಹೊಲಗಳಲ್ಲಿ ಉದುರಿದ ತೆನೆ ಆಯ್ದು ತಂದರೆ ಅಂದಿನ ಒಲೆ ಹತ್ತುತ್ತಿತ್ತು. ಏನೂ ಸಿಗದ ದಿನ ಅವಳ ತಾಯಿ ಮಕ್ಕಳ ಹೊಟ್ಟೆಗೆ ಒದ್ದೆ ಬಟ್ಟೆ ಸುತ್ತಿ ಮಲಗಿಸುತ್ತಿದ್ದಳಂತೆ. ಅಂಥವಳು ನನ್ನ ತಟ್ಟೆ ತುಂಬಿಸಿ, "ಉಣ್ಣೋ ಕಾಲ ಬಂದೈತೆ, ಉಣ್ಣವ್ವ" ಎಂದು ಪಕ್ಕದಲ್ಲೇ ಕುಳಿತು ನನ್ನನ್ನು ಬೆಳೆಸಿದ್ದಳು.

ಹೇಳಿದಾಗ ಅವಳು ಬೈಯಲಿಲ್ಲ.

"ಹೊಟ್ಟೆಗಿಲ್ದೆ ಸತ್ತೋರ್ನ ನೋಡಿವ್ನಿ ಕಣವ್ವ. ಹೊಟ್ಟೆನೇ ಕುಯ್ಸ್ಕಂಡೋರ್ನ ನೋಡಿಲ್ಲ" ಎಂದಳು. ನನ್ನ ಕೈ ಹಿಡಿದು, "ಉಳಿದೀಯಾ?" ಎಂದು ಕೇಳಿದಳು.

"ಉಳೀತೀನಿ ಅವ್ವ" ಎಂದೆ. ನನಗೆ ಗೊತ್ತಿರಲಿಲ್ಲ.

ಆಪರೇಷನ್ನಿಗೆ ಮುಂಚೆ ಕೆಲವು ವಾರ ಬರೀ ದ್ರವಾಹಾರದ ಮೇಲಿರಬೇಕಿತ್ತು. ಲಿವರಿನ ಕೊಬ್ಬು ಕರಗಿ ಅದು ಸಣ್ಣದಾದರೆ ಹೊಟ್ಟೆಯೊಳಗೆ ಕೆಲಸ ಸುಲಭವಂತೆ. ಆ ವಾರಗಳು ನನ್ನ ಜೀವನದಲ್ಲೇ ಕೆಟ್ಟವು. ಪಕ್ಕದ ಮನೆಯಲ್ಲಿ ಒಗ್ಗರಣೆ ಚಟಪಟ ಎಂದರೆ ನಾನು ಕಿಟಕಿ ಮುಚ್ಚುತ್ತಿದ್ದೆ, ಮತ್ತೆ ನಾನೇ ತೆಗೆಯುತ್ತಿದ್ದೆ. ಅವ್ವ ನನ್ನ ಕಣ್ಣಿಗೆ ಬೀಳಬಾರದೆಂದು ತಣ್ಣಗಾದ ಮುದ್ದೆಯನ್ನು ಹಿತ್ತಲಿಗೆ ಒಯ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಉಣ್ಣುತ್ತಿದ್ದಳು. ಡಾಕ್ಟರು ಸಕ್ಕರೆ ಮಾತ್ರೆಗಳನ್ನು ಮೊದಲೇ ಬದಲಿಸಿದ್ದರು, ಸಕ್ಕರೆ ತೀರ ಇಳಿಯದಂತೆ. ಆದರೂ ಕೈ ನಡುಗುತ್ತಿತ್ತು. ಬೆರಳು ಚುಚ್ಚಿ ಯಂತ್ರಕ್ಕೆ ರಕ್ತ ಹಾಕಿ ನೋಡಿದರೆ ಎಲ್ಲ ಸರಿಯಾಗಿರುತ್ತಿತ್ತು. ಇನ್ನೊಮ್ಮೆ ಚುಚ್ಚಿ ನೋಡುತ್ತಿದ್ದೆ, ಆಗಲೂ ಸರಿಯೇ. ಹಾಗಾದರೆ ಈ ನಡುಕ ಎಲ್ಲಿಯದು? ರೈಲಿನಲ್ಲಿ ನಡುಗಿದ್ದೂ ಪೂರ್ತಿ ಸಕ್ಕರೆಯಿಂದಲೇ ಆಗಿರಲಿಲ್ಲವೇನೋ. ನನ್ನೊಳಗೆ ಏನು ಕೂತಿದೆ, ಅದನ್ನು ಯಾವ ಕತ್ತರಿ ತೆಗೆಯುತ್ತದೆ ಎಂದು ಯೋಚಿಸಿದರೆ ಇನ್ನಷ್ಟು ಭಯವಾಗುತ್ತಿತ್ತು.

ಹೊರಟ ದಿನ ಅವ್ವ ಗೋಡೆಯ ಮೇಲಿನ ಬುದ್ಧನ ಚಿತ್ರದ ಮುಂದೆ ಮೇಣದ ಬತ್ತಿ ಹಚ್ಚಿಟ್ಟು, ಅದು ಆರದಂತೆ ಫ್ಯಾನ್ ಆರಿಸಿ ಬಂದಳು. ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಗಂಡ ಏನೋ ಹೇಳುತ್ತಿದ್ದರು, ಕೇಳಿಸಲಿಲ್ಲ. ಮೇಲಿನ ಲೈಟು ನೋಡುತ್ತಾ, ಈಗಲೂ ಎದ್ದು ಹೋಗಬಹುದು ಎಂದುಕೊಂಡೆ. ಅಷ್ಟರಲ್ಲಿ ಮತ್ತಿನ ಮದ್ದು ಕೊಟ್ಟುಬಿಟ್ಟಿದ್ದರು.

ಎಚ್ಚರವಾದ ಮೇಲೆ ಮೊದಲು ಕೊಟ್ಟದ್ದು ಔಷಧಿ ಬಾಟಲಿಯ ಮುಚ್ಚಳದಷ್ಟು ನೀರು. ಅಷ್ಟನ್ನು ಕುಡಿಯಲು ಬಹಳ ಹೊತ್ತು ಹಿಡಿಯಿತು. ಕೆಲವು ದಿನಗಳಲ್ಲಿ ಮನೆಗೆ ಕಳಿಸಿದರು. ಕಳಿಸುವಾಗ, "ಜ್ವರ ಬಂದ್ರೆ, ಎದೆ ಜೋರಾಗಿ ಹೊಡ್ಕೊಂಡ್ರೆ, ಭುಜ ನೋವು ಬಂದ್ರೆ ತಡ ಮಾಡ್ಬೇಡಿ" ಎಂದಿದ್ದರು. ಮನೆಗೆ ಬಂದ ಮಾರನೆಯ ಬೆಳಗ್ಗೆ ಎಡ ಭುಜದಲ್ಲಿ ನೋವು ಕಾಣಿಸಿಕೊಂಡಿತು. ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡೆ, ಓಡುತ್ತಿತ್ತು. ಭಯಕ್ಕೆ ಓಡುತ್ತಿದೆಯೋ ಒಳಗೆ ಸೋರುತ್ತಿರುವುದಕ್ಕೆ ಓಡುತ್ತಿದೆಯೋ?

"ಸೋರ್ತಿದೆ ಕಣ್ರೀ" ಎಂದೆ ಗಂಡನಿಗೆ.

"ಹಂಗೆಲ್ಲ ಅನ್ಬೇಡ" ಎಂದರು. ಆದರೆ ಅವರ ಕೈಯಿಂದ ಕಾರಿನ ಕೀ ಎರಡು ಸಲ ಜಾರಿ ಬಿತ್ತು.

ಮೈಸೂರಿನವರೆಗೂ ನಾನು ಹೊಟ್ಟೆಯ ಮೇಲೆ ದಿಂಬು ಒತ್ತಿಕೊಂಡು ಕುಳಿತಿದ್ದೆ. ರಸ್ತೆಯ ಒಂದೊಂದು ಉಬ್ಬು ಬಂದಾಗಲೂ ಒಳಗಿನ ಹೊಲಿಗೆ ಒಂದೊಂದೇ ಬಿಚ್ಚಿದಂತೆ ಭಾಸವಾಗುತ್ತಿತ್ತು. ನಾನಾಗಿ ಕೇಳಿ, ಸಹಿ ಹಾಕಿ ಬಂದ ಸಾವು ಇದು ಅನಿಸಿತು. ಸ್ಕ್ಯಾನ್ ಮಾಡಿದರು. ಡಾಕ್ಟರು ಬಂದು, "ಎಲ್ಲೂ ಸೋರಿಲ್ಲ. ಆಪರೇಷನ್ನಲ್ಲಿ ತುಂಬಿಸಿದ ಗಾಳಿ, ಭುಜಕ್ಕೆ ಹೊಡೀತಿದೆ. ಓಡಾಡಿ, ಹೋಗುತ್ತೆ" ಎಂದರು. ಗಂಡ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು.

ಆಮೇಲೆ ಬಂದದ್ದನ್ನು ನಾನು ಊಹಿಸಿಯೇ ಇರಲಿಲ್ಲ. ಹಸಿವು ಇರಲೇ ಇಲ್ಲ. ಬೆಳಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ, ಅಡುಗೆ ಮನೆಯ ವಾಸನೆಗೂ ಇಲ್ಲ. ಜೀವನವಿಡೀ ಯಾವುದಕ್ಕೆ ಹೆದರಿ ಬದುಕಿದ್ದೆನೋ ಅದು ಹೋಗಿತ್ತು, ನೆಮ್ಮದಿ ಮಾತ್ರ ಬಂದಿರಲಿಲ್ಲ. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡು, ಅದು ಹೊಡೆದಾಗ ಬೇಳೆ ಕಟ್ಟು ಕುಡಿಯುತ್ತಿದ್ದೆ. ಅಪ್ಪ ಕೊನೆಯ ತಿಂಗಳಲ್ಲಿ ತಟ್ಟೆಯನ್ನು ಹಿಂಗೈಯಿಂದ ಸರಿಸುತ್ತಿದ್ದುದು ನನಗೂ ನೆನಪಿತ್ತು, ಅವ್ವನಿಗೂ ನೆನಪಿತ್ತು. ಅವಳು ಲೋಟ ಹಿಡಿದು ಮಂಚದ ಅಂಚಿನಲ್ಲಿ ಕೂರುತ್ತಿದ್ದಳು.

"ಒಂದು ಗುಟುಕು ಕಣವ್ವ."

"ಬೇಡ ಅವ್ವ, ಆಗ್ತಿಲ್ಲ."

"ಬ್ಯಾಡ ಅನ್ಬ್ಯಾಡ. ನಿಮ್ಮಪ್ಪಾನೂ ಹಿಂಗೇ ಅಂತಿದ್ರು."

ಬಟ್ಟೆಗಳು ಸಡಿಲವಾದವು, ತಲೆಗೂದಲು ಬಾಚಣಿಗೆ ತುಂಬ ಬರತೊಡಗಿತು. ಶಾಲೆಗೆ ಮರಳಿದಾಗ ಕೆಲವರು ಚೆನ್ನಾಗಿ ಕಾಣ್ತೀರಿ ಎಂದರು. ಕೆಲವರು ಮರೆಯಲ್ಲಿ ಕ್ಯಾನ್ಸರಾ ಎಂದು ಕೇಳಿಕೊಂಡರು.

ಗೆಂಡೆಹಳ್ಳಿಯಲ್ಲಿ ನನ್ನ ಅಕ್ಕ ಹೊಸ ಮನೆ ಕಟ್ಟಿಸಿ ಎಲ್ಲರನ್ನೂ ಊಟಕ್ಕೆ ಕರೆದದ್ದು ಅದಾಗಿ ಕೆಲವು ತಿಂಗಳಿಗೆ. ಮುದ್ದೆ, ನಾಟಿ ಕೋಳಿ ಸಾರು. ಅಕ್ಕನ ಅತ್ತೆ ಬಡಿಸುತ್ತಾ, "ಇಷ್ಟೇನಾ? ಒಂದ್ ಮುದ್ದೆಗೇನಾಗಲ್ಲ, ಉಣ್ಣವ್ವ" ಎಂದು ತಟ್ಟೆಗೆ ಹಾಕಿಯೇಬಿಟ್ಟರು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಕೈ ಹಳೆಯ ಅಭ್ಯಾಸದಂತೆ ತುತ್ತು ಮುರಿಯಿತು, ಗಂಟಲು ನುಂಗಿತು. ಅದು ಎದೆಯ ನಡುವೆ ನಿಂತಿತು. ಕೆಳಗೂ ಹೋಗದು, ಮೇಲೂ ಬಾರದು. ಬಾಯಿ ತುಂಬ ಜೊಲ್ಲು ಬಂತು. ಯಾರೋ ನೀರು ಕೊಟ್ಟರು, ನೀರೂ ಅದರ ಮೇಲೆಯೇ ನಿಂತಿತು. ಬಾಯಿಬಿಟ್ಟು ಹೇಳಲಾಗದೆ ಹಿತ್ತಲಿಗೆ ಓಡಿದೆ. ಹಿಂದಿನಿಂದ ಬಂದ ಅವ್ವ ನನ್ನ ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದಳು. ಅವಳ ಕೈ ಮಂಜಿನಂತೆ ತಣ್ಣಗಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ, ಕೊನೆಗೆ ಅದು ಹೊರಗೆ ಬಂತು. ನಾನು ಗೋಡೆಗೆ ಒರಗಿ ಉಸಿರಾಡಿದೆ.

ಅವ್ವ ಒಳಗೆ ಹೋಗಿ ಬೀಗಿತ್ತಿಯ ಮುಂದೆ ನಿಂತು ಹೇಳಿದ್ದು ಹಿತ್ತಲಿಗೂ ಕೇಳಿಸಿತು: "ಇನ್ಮ್ಯಾಕೆ ನನ್ ಮಗಳ ತಟ್ಟೆಗೆ ಯಾರೂ ಬಲವಂತಕ್ಕೆ ಇಕ್ಕಬ್ಯಾಡಿ. ನಾನೂ ಇಕ್ಕಾಕಿಲ್ಲ."

ಆಪರೇಷನ್ ಆಗಿ ಸುಮಾರು ಒಂದೂವರೆ ವರ್ಷ ಕಳೆದಿರಬೇಕು. ಶಾಲೆಯ ಮಕ್ಕಳನ್ನು ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಸಕ್ಕರೆಯ ಮಾತ್ರೆಗಳಲ್ಲಿ ಒಂದು ಬಿಟ್ಟು ಉಳಿದವೆಲ್ಲ ನಿಂತಿದ್ದವು. ಪಾದದ ಸ್ಪರ್ಶ ಪೂರ್ತಿ ಮರಳಿರದಿದ್ದರಿಂದ ದಪ್ಪ ಸಾಕ್ಸ್ ಹಾಕಿಕೊಂಡೇ ದೇವಸ್ಥಾನ ಸುತ್ತಿದೆ. ಹುಡುಗಿಯರಿಗೆ ಆನೆಸಾಲು ತೋರಿಸುತ್ತಾ, ಯಾರ ಹೆಗಲೂ ಹಿಡಿಯದೆ, ಎಲ್ಲೂ ಕೂರದೆ ಒಂದು ಸುತ್ತು ಮುಗಿಸಿದ್ದೆ. ಹುಲ್ಲಿನ ಮೇಲೆ ಮಕ್ಕಳು ಬುತ್ತಿ ಬಿಚ್ಚಿದರು. ಆಗ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಮೊದಲು ನೋವೆಂದುಕೊಂಡೆ. ಹೊಲಿಗೆಯ ಜಾಗವೇ ಇರಬಹುದೆಂದು ಕೈ ಇಟ್ಟು ನೋಡಿದೆ. ಮತ್ತೆ ಹಿಂಡಿತು, ಒಳಗೆ ಗುರ್ ಎಂದಿತು. ಒಬ್ಬ ಹುಡುಗಿ, "ಮಿಸ್, ನಿಮ್ ಹೊಟ್ಟೆ!" ಎಂದು ಕಿಸಕ್ಕನೆ ನಕ್ಕಳು.

ಹಸಿವು ಅದು. ನಾನು ತಣ್ಣಗೆ ಬೆವೆತೆ. ಸುತ್ತಲೂ ಬುತ್ತಿಗಳು: ಪುಳಿಯೋಗರೆ, ಚಪಾತಿ, ಮೊಸರನ್ನ. ಎಲ್ಲವನ್ನೂ ಕಿತ್ತುಕೊಂಡು ತಿಂದುಬಿಡುತ್ತೇನೇನೋ ಎಂದು ಹೆದರಿ ಎದ್ದು, ನನ್ನ ಡಬ್ಬಿ ಹಿಡಿದು ದೂರದ ಮರದ ಕೆಳಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ.

"ಬಂತಾ? ಒಳ್ಳೇದಾಯ್ತು ಬಿಡಿ."

"ಒಳ್ಳೇದಾ ಡಾಕ್ಟ್ರೇ? ನಂಗೆ ಭಯ ಆಗ್ತಿದೆ."

"ಡಬ್ಬಿ ತಂದಿರ್ತೀರಲ್ಲ, ಅದನ್ನ ನಿಧಾನವಾಗಿ ಅಗಿದು ತಿನ್ನಿ. ಆಮೇಲೆ ಏನಾಗುತ್ತೆ ನೋಡಿ."

ಒಂದು ಬೇಯಿಸಿದ ಮೊಟ್ಟೆ, ಹೆಸರುಕಾಳಿನ ಪಲ್ಯ. ಒಂದೊಂದು ಕಾಳನ್ನೂ ಅಗಿದೆ. ಹಸಿವು ನಿಲ್ಲುತ್ತದೋ ಇಲ್ಲವೋ ಎಂದು ಕಾಯುತ್ತಾ ತಿಂದೆ. ಅರ್ಧ ಡಬ್ಬಿಗೆ ಅದು ನಿಂತಿತು. ನಿಂತದ್ದನ್ನು ನಂಬದೆ ಇನ್ನೂ ಸ್ವಲ್ಪ ಹೊತ್ತು ಮರದ ಕೆಳಗೇ ಕುಳಿತಿದ್ದೆ. ಬಸ್ಸಿನ ಹಾರ್ನ್ ಕೇಳಿದ ಮೇಲೆ ಎದ್ದೆ.

ಈಗ ಅದು ದಿನವೂ ಬರುತ್ತದೆ. ಕೆಲವು ದಿನ ಅರ್ಧ ಡಬ್ಬಿಗೆ ನಿಲ್ಲುತ್ತದೆ, ಕೆಲವು ದಿನ ನಿಂತ ಮೇಲೂ ಬಾಯಿ ಕೇಳುತ್ತಲೇ ಇರುತ್ತದೆ. ಆಗ ಬಾಗಿಲು ಹಾಕಿಕೊಂಡು ರಸ್ತೆಗೆ ಇಳಿದು ನಡೆಯುತ್ತೇನೆ. ಕಳೆದ ವರ್ಷ ತೂಕ ಸ್ವಲ್ಪ ಏರಿತು, ಆಗ ವಾರಗಟ್ಟಲೆ ನಿದ್ದೆ ಸರಿಯಾಗಿ ಬರಲಿಲ್ಲ. ಮತ್ತೆ ಇಳಿಯಿತು. ನಾಳೆ ಹೇಗೋ ತಿಳಿಯದು.

ಮೊನ್ನೆ ಭಾನುವಾರ ಅವ್ವ ಒಲೆಯ ಮುಂದೆ ಬಸ್ಸಾರಿಗೆ ಖಾರ ಕಲಸುತ್ತಿದ್ದಳು. "ಅವ್ವ, ಹಸಿವಾಗ್ತಿದೆ" ಎಂದೆ. ಆಪರೇಷನ್ ಆದ ಮೇಲೆ ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಅವಳು ಸೌಟು ಹಿಡಿದು ತಿರುಗಿ, ನನ್ನ ಮುಖವನ್ನೇ ನೋಡಿದಳು.

"ಎಷ್ಟು ಇಕ್ಲವ್ವ?" ಎಂದು ಕೇಳಿದಳು.

ಎಷ್ಟು ಎಂದು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳು ಸೌಟು ಹಿಡಿದುಕೊಂಡೇ ನಿಂತಿದ್ದಳು.