ಅಪ್ಪನ ಬಸ್ಸು ಮತ್ತು ಸ್ಪೀಡಣ್ಣ

ಸ್ಪೀಡಣ್ಣನನ್ನು ಕಾಣಲು ಹೋದ ದಿನ ಅವಳಿಗೆ ಮೊದಲು ಕಂಡದ್ದು ಅವನ ಬೆನ್ನು. ಮಹಡಿ ಮೆಟ್ಟಿಲ ಕೆಳಗಿನ ಇಕ್ಕಟ್ಟಿಗೆ ಶಟರ್ ಹಾಕಿಸಿ ಮಾಡಿಕೊಂಡ ಅಂಗಡಿ ಅದು. ಒಳಗೆ ಕಾಲಿಡಬೇಕಾದರೆ ತಲೆ ತಗ್ಗಿಸಬೇಕು. ಅವಳು ಕಂಪ್ಯೂಟರಿನ ಡಬ್ಬವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲೆ ಹೊತ್ತು ತಂದಿದ್ದಳು. ಅವನು ಗೋಡೆಗೆ ಬಣ್ಣ ಬಳಿಯುವ ಬ್ರಷ್ಷಿನಿಂದ ಯಾವುದೋ ಯಂತ್ರದ ಧೂಳು ಕೊಡವುತ್ತಿದ್ದ. ಪಕ್ಕದಲ್ಲಿ ಜಾಲರಿ ಕಳಚಿದ ಟೇಬಲ್ ಫ್ಯಾನು ಆ ಯಂತ್ರದ ತೆರೆದ ಹೊಟ್ಟೆಗೆ ನೇರ ಗಾಳಿ ಬೀಸುತ್ತಿತ್ತು.

"ಏನ್ ತೊಂದ್ರೆ?" ಎಂದ, ತಿರುಗದೆ.

"ಬಸ್ಸು ತಿರುವಲ್ಲಿ ಜಗ್ಗುತ್ತೆ."

ಆಗ ತಿರುಗಿದ. "ಅಕ್ಕಾ, ಗ್ಯಾರೇಜು ಎದುರಿಗಿದೆ."

"ಇದರೊಳಗಿನ ಬಸ್ಸು," ಎಂದು ಅವಳು ಡಬ್ಬ ತಟ್ಟಿದಳು. "ನಮ್ಮಪ್ಪ ಓಡಿಸೋದು."

ಅವನು ಜೋರಾಗಿ ನಕ್ಕು, ಸ್ಟೂಲಿನ ಮೇಲಿದ್ದ ತಂತಿಗಳ ಗಂಟನ್ನು ಕೆಳಗಿಟ್ಟು ಅವಳಿಗೆ ಜಾಗ ಮಾಡಿಕೊಟ್ಟ. ಅವಳು ಹೇಳುತ್ತ ಹೋದ ಹಾಗೆ ಅವನ ನಗು ತಾನಾಗಿ ಇಳಿಯಿತು.

ಅಪ್ಪ ಬಸ್ಸು ಓಡಿಸಿಯೇ ಮನೆ ನಡೆಸಿದವನು. ಒಂದು ಮಧ್ಯಾಹ್ನ ತುಂಬಿದ ಬಸ್ಸಿನಲ್ಲಿ, ಸ್ಟೀರಿಂಗ್ ಹಿಡಿದಿದ್ದಾಗಲೇ ಅವನಿಗೆ ಕಣ್ಣು ಕತ್ತಲೆಯಾಯಿತು. ಕಿವಿಯಲ್ಲಿ ಇಂಜಿನ್ ಮೊರೆಯುತ್ತಿದೆ, ಎದುರಿಗೆ ರಸ್ತೆಯೇ ಇಲ್ಲ. ಅಂದಾಜಿನ ಮೇಲೆ ಬಸ್ಸನ್ನು ಬದಿಗೆಳೆದು ನಿಲ್ಲಿಸಿದ. ಯಾರ ಕೂದಲೂ ಕೊಂಕಲಿಲ್ಲ. ರಕ್ತದೊತ್ತಡ ಎಂದರು ಡಾಕ್ಟರು. ದೃಷ್ಟಿ ಮರಳಿತು, ಕೆಲಸ ಮರಳಲಿಲ್ಲ. ಮನೆಯಲ್ಲಿ ಕುರ್ಚಿ ಹಿಡಿದ ಮೇಲೆ ಅವನ ಮಾತು ಕಡಿಮೆಯಾಯಿತು, ಬಲಗಾಲು ಮಾತ್ರ ಆಗಾಗ ತನ್ನಷ್ಟಕ್ಕೆ ನೆಲ ಒತ್ತುತ್ತಿತ್ತು. ಅದನ್ನು ನೋಡಲಾರದೆ, ಔಷಧಿ ಅಂಗಡಿಯ ಕೌಂಟರಿನಲ್ಲಿ ದುಡಿಯುತ್ತಿದ್ದ ಮಗಳು ಯಾರೋ ಬಳಸಿ ಬಿಟ್ಟ ಕಂಪ್ಯೂಟರು, ಆಟದ ಸ್ಟೀರಿಂಗು, ಪೆಡಲುಗಳನ್ನು ಕೊಂಡು ತಂದಳು. ಬಸ್ಸು ಓಡಿಸುವ ಆಟ. ಅಪ್ಪ ಶರ್ಟಿಗೆ ಇಸ್ತ್ರಿ ಮಾಡಿಕೊಂಡೇ ಅದರ ಮುಂದೆ ಕೂರುತ್ತಿದ್ದ.

"ಬಸ್ಸೇನೋ ಹೊರಡ್ತು. ಊಟಕ್ಕೆ ಯಾವ ಸ್ಟಾಪಲ್ಲಿ ನಿಲ್ಸ್ತೀರಿ?" ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು.

"ಡ್ರೈವರ್ ಜೊತೆ ಮಾತಾಡಬಾರ್ದು, ಬೋರ್ಡ್ ಓದಿಲ್ವಾ?"

ಆದರೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಹಳೆಯದು. ಜನ, ಗಾಡಿ ಹೆಚ್ಚಿದ ಕಡೆ ರಸ್ತೆ ತಡವರಿಸಿ ತಡವರಿಸಿ ಬರುತ್ತಿತ್ತು. "ತುಂಡು ತುಂಡಾಗಿ ಕಾಣ್ತಿದೆ ಕಣಮ್ಮ," ಎಂದು ಅಪ್ಪ ಕಣ್ಣುಜ್ಜಿಕೊಂಡಿದ್ದ. "ತಪ್ಪು ಇದರದೋ, ನನ್ನ ಕಣ್ಣಿನದೋ?" ಆ ಪ್ರಶ್ನೆಯೇ ಅವಳನ್ನು ಅಂಗಡಿಗೆ ಅಟ್ಟಿತ್ತು. ಅಪ್ಪನಿಗೆ ತನ್ನ ಕಣ್ಣಿನ ಮೇಲಿನ ನಂಬಿಕೆ ಇನ್ನೊಮ್ಮೆ ಹೋದರೆ ಅವನು ಆ ಕುರ್ಚಿಯಿಂದ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಸ್ಪೀಡಣ್ಣ ಆ ಹೆಸರು ಪಡೆದದ್ದು ಇಂಥ ಕಾರ್ಡುಗಳಿಂದಲೇ. ನಡೆಯುವುದು, ಮಾತಾಡುವುದು ಎಲ್ಲ ಆಮೆಯ ಹಾಗೆ. ಕಾರ್ಡುಗಳನ್ನು ಮಾತ್ರ ಓಡಿಸುತ್ತಿದ್ದ. ಓವರ್‌ಕ್ಲಾಕ್ ಎಂದರೆ, ಕಾರ್ಖಾನೆಯವರು ಗೊತ್ತುಮಾಡಿದ ವೇಗಕ್ಕಿಂತ ಕಾರ್ಡನ್ನು ಹೆಚ್ಚು ವೇಗದಲ್ಲಿ ದುಡಿಸುವುದು. ಹೊಸ ಕಾರ್ಡು ಕೊಳ್ಳದೆ ಆಟ ನಯವಾಗುತ್ತದೆ. ಆದರೆ ಕಾರ್ಡು ಬಿಸಿಯೇರುತ್ತದೆ, ಅದರ ಆಯಸ್ಸು ತಗ್ಗುತ್ತದೆ, ಕೆಲವೊಮ್ಮೆ ನಡುವೆಯೇ ಕೈಕೊಡುತ್ತದೆ. ಎಳೆಯ ವಯಸ್ಸಿನಲ್ಲಿ ತನ್ನದೇ ಕಾರ್ಡನ್ನು ಸುಟ್ಟುಕೊಂಡು ಅವನು ಇದನ್ನು ಕಲಿತಿದ್ದ. ವೇಗವನ್ನು ಒಂದಿಷ್ಟು ಏರಿಸುವುದು, ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವುದು, ಅಂಗೈ ಚಾಚಿ ಬಿಸಿ ನೋಡುವುದು, ಇನ್ನೊಂದಿಷ್ಟು ಏರಿಸುವುದು. ಅವನು 'ಸರಿ' ಎಂದು ಕೊಟ್ಟ ಕಾರ್ಡು ತಿರುಗಿ ಬಂದದ್ದಿಲ್ಲ. ಆಟದ ಹುಚ್ಚಿನ ಹುಡುಗರು ಬಲು ದೂರದಿಂದ ಅವನನ್ನು ಹುಡುಕಿಕೊಂಡು ಬರುತ್ತಿದ್ದರು.

ಯಂತ್ರ ಸಿದ್ಧವಾದ ದಿನ ಅಪ್ಪನೇ ಮಗಳ ಜೊತೆ ಹೋದ, ಸ್ಟೀರಿಂಗನ್ನು ಕಂಕುಳಲ್ಲಿ ಇರುಕಿಕೊಂಡು.

"ಏನ್ ಮಾಡಿದ್ಯಪ್ಪ ಇದಕ್ಕೆ?"

"ವೇಗ ಏರ್ಸಿದೀನಿ ಯಜಮಾನ್ರೇ. ಇದ್ದ ಶಕ್ತೀನೇ, ಮುಚ್ಚಿಟ್ಟುಕೊಂಡಿತ್ತು."

"ಓ, ಬಸ್ಸಿನ ಸ್ಪೀಡ್ ಲಾಕ್ ತೆಗೆದಂಗೆ! ನಾವು ಮಾಡಿದ್ರೆ ಸಸ್ಪೆಂಡು, ನೀನು ಮಾಡಿದ್ರೆ ಸ್ಪೀಡಣ್ಣ."

ಅಲ್ಲೇ ಸ್ಟೂಲಿನ ಮೇಲೆ ಕೂತು ಓಡಿಸಿ ನೋಡಿದ. ಸಂತೆಯಂಥ ಜನಜಂಗುಳಿಯ ರಸ್ತೆ, ಅದರಾಚೆ ದೊಡ್ಡ ತಿರುವು. ಎಲ್ಲಿಯೂ ತಡವರಿಕೆಯಿಲ್ಲ. ಅಪ್ಪ ಅದೇ ತಿರುವನ್ನು ಇನ್ನೊಮ್ಮೆ ಹಾದು ನೋಡಿದ. ಆಮೇಲೆ ಮಗಳ ಕಡೆ ತಿರುಗಿ, "ಕಣ್ಣು ಸರಿಯಾಗೇ ಇದೆ ಕಣಮ್ಮ," ಎಂದ. ಸ್ಪೀಡಣ್ಣ ಬ್ರಷ್ಷು ಹುಡುಕುವ ನೆಪದಲ್ಲಿ ಮುಖ ತಿರುಗಿಸಿಕೊಂಡ.

ಅಂಗಡಿಯಲ್ಲಿ ಯಂತ್ರದ ಪಕ್ಕದ ತಗಡು ಬಿಚ್ಚಿತ್ತು, ಟೇಬಲ್ ಫ್ಯಾನು ಬೀಸುತ್ತಿತ್ತು. ಮನೆಯಲ್ಲಿ ಯಂತ್ರ ಇರುತ್ತಿದ್ದದ್ದು ಹಳೆಯ ಬೀರುವಿನ ಕೆಳಖಾನೆಯಲ್ಲಿ. ರಸ್ತೆಯ ಧೂಳಿಗೆ ಅಪ್ಪನಿಗೆ ಕೆಮ್ಮು ಬರುತ್ತದೆಂದು ಆ ಕೋಣೆಯ ಕಿಟಕಿ ಸದಾ ಮುಚ್ಚಿರುತ್ತಿತ್ತು. ವೇಗ ಏರಿಸಿದ ಕಾರ್ಡನ್ನು ತಣಿಸಲು ಅದರ ಪುಟ್ಟ ಫ್ಯಾನುಗಳು ಈಗ ಬೊಬ್ಬೆ ಹೊಡೆಯತೊಡಗಿದ್ದವು. ಆ ಗದ್ದಲದಲ್ಲಿ ತನ್ನ ಬಸ್ಸಿನ ಇಂಜಿನ್ ಶಬ್ದ ಕೇಳಿಸದೆ ಅಪ್ಪನಿಗೆ ರೇಗಿತು. ಗೇರು ಬದಲಿಸುವುದು ಕಿವಿಯಿಂದ ಎನ್ನುವ ಕಾಲದ ಡ್ರೈವರು ಅವನು. ಎದ್ದು ಬೀರುವಿನ ಬಾಗಿಲು ಮುಚ್ಚಿದ.

ಕೆಲವು ದಿನ ಏನೂ ಆಗಲಿಲ್ಲ. ಬಿಸಿಲು ಏರಿದ ಒಂದು ಮಧ್ಯಾಹ್ನ, ಬಸ್ಸು ತುಂಬ ಜನ ಹತ್ತಿಸಿಕೊಂಡು ಅಪ್ಪ ಇಳಿಜಾರು ಇಳಿಯುತ್ತಿದ್ದಾಗ ಪರದೆ ಕಪ್ಪಾಯಿತು. ಶಬ್ದ ಮಾತ್ರ ನಿಲ್ಲಲಿಲ್ಲ. ಇಂಜಿನ್ ಮೊರೆಯುತ್ತಲೇ ಇತ್ತು.

ರಜೆಯಿದ್ದ ಮಗಳು ಅಡುಗೆಮನೆಯಲ್ಲಿದ್ದಳು. "ಇಳೀರಿ! ಎಲ್ರೂ ಇಳೀರಿ!" ಎಂಬ ಕೂಗಿಗೆ ಓಡಿ ಬಂದಳು. ಅಪ್ಪ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎರಡೂ ಕಾಲಿನಿಂದ ಬ್ರೇಕ್ ಪೆಡಲನ್ನು ಒತ್ತಿ ಹಿಡಿದಿದ್ದ. ಕೊರಳಿನಿಂದ ಬೆವರು ಇಳಿಯುತ್ತಿತ್ತು. ಅವಳು ಸ್ಪೀಕರಿನ ತಂತಿ ಕಿತ್ತು ಶಬ್ದ ನಿಲ್ಲಿಸಿದಳು. "ಅಪ್ಪಾ, ಕಣ್ಣು ಬಿಡಿ. ನಾನಿದೀನಿ, ನೋಡಿ." ಅವನು ಬಿಡಲಿಲ್ಲ. ಬಿಟ್ಟರೂ ಕತ್ತಲೆಯೇ ಇದ್ದರೆ ಎಂಬ ಭಯ ಅವನ ರೆಪ್ಪೆಗಳನ್ನು ಅದುಮಿ ಹಿಡಿದಿತ್ತು.

ಸುದ್ದಿ ಕೇಳಿ ಸ್ಪೀಡಣ್ಣ ಶಟರ್ ಎಳೆದು ಬಂದ. ಅವನು ಆ ಮನೆಗೆ ಕಾಲಿಟ್ಟದ್ದು ಅದೇ ಮೊದಲು. ಬೀರುವಿನ ಬಾಗಿಲು ತೆರೆದು, ಅಭ್ಯಾಸಬಲದಿಂದ ಅಂಗೈ ಚಾಚಿ, ಹಿಂದಕ್ಕೆಳೆದುಕೊಂಡ. ಮುಚ್ಚಿದ ಕಿಟಕಿಯನ್ನು ನೋಡಿದ. ಅಲ್ಲೇ ನೆಲದ ಮೇಲೆ ಕೂತ.

"ಎಲ್ಲಿಡ್ತೀರಿ ಅಂತ ಕೇಳ್ಲಿಲ್ಲ ಅಕ್ಕಾ. ಒಂದು ಮಾತು ಕೇಳ್ಲಿಲ್ಲ."

"ಕಾರ್ಡು ಹೋಯ್ತಾ?"

"ಇಲ್ಲ. ತಾಪ ತಡೀದೆ ನಿಂತುಬಿಟ್ಟಿದೆ, ಅಷ್ಟೆ. ಇನ್ನೊಂದ್ ಗಳಿಗೇಲಿ ತಾನೇ ಏಳುತ್ತೆ."

ಕಾರ್ಡು ಎದ್ದಿತು. ಅವನು ವೇಗವನ್ನು ಕಾರ್ಖಾನೆಯ ಮಟ್ಟಕ್ಕೆ ಇಳಿಸಿದ, ಯಂತ್ರವನ್ನು ಹೊರಗಿಟ್ಟ, ತನ್ನ ಟೇಬಲ್ ಫ್ಯಾನನ್ನೇ ತಂದು ಪಕ್ಕದಲ್ಲಿ ನಿಲ್ಲಿಸಿದ. ಅಷ್ಟರಲ್ಲಿ ಕಣ್ಣು ಬಿಟ್ಟಿದ್ದ ಅಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ. ಹತ್ತಿರ ಬರಲಿಲ್ಲ.

"ಯಜಮಾನ್ರೇ, ನಿಂತಿದ್ದು ಕಾರ್ಡು. ನಿಮ್ಮ ಕಣ್ಣಲ್ಲ. ನನ್ನ ತಪ್ಪು."

"ಗೊತ್ತಪ್ಪ ನನಗೆ. ಕೈಕಾಲಿಗೆ ಗೊತ್ತಾಗ್ತಿಲ್ಲ, ಏನ್ ಮಾಡ್ಲಿ?"

ಸ್ಪೀಡಣ್ಣ ವಾರಕ್ಕೊಮ್ಮೆ ಬಂದು ಬಸ್ಸು ಓಡಿಸಲು ಕರೆದು ನೋಡಿದ. ಬಂದಾಗಲೆಲ್ಲ ಅಪ್ಪ ಅವನಿಗೆ ಕುರ್ಚಿ ಹಾಕಿಸಿ ಚಹಾ ಕೊಡಿಸುತ್ತಿದ್ದ, ಬಿಸಿಲಿನ ಬಗ್ಗೆ ಮಾತಾಡುತ್ತಿದ್ದ, ಆ ಕೋಣೆಗೆ ಮಾತ್ರ ಹೋಗುತ್ತಿರಲಿಲ್ಲ. ಕೊನೆಗೆ ಅಮ್ಮ ಸ್ಟೀರಿಂಗನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದಳು. ಊಟಕ್ಕೆ ಯಾವ ಸ್ಟಾಪು ಎಂದು ಅವಳು ಮತ್ತೆ ಕೇಳಲಿಲ್ಲ. ಅಪ್ಪನ ಬಲಗಾಲು ಈಗ ನೆಲ ಒತ್ತುವುದಿಲ್ಲ. ಮಗಳು ಕೆಲಸದಿಂದ ಬಂದಾಗ ಮೊದಲು ನೋಡುವುದು ಅದನ್ನೇ.

ಕಾರ್ಡಿನ ವೇಗ ಏರಿಸಲು ಬಂದ ಹುಡುಗರನ್ನು ಸ್ಪೀಡಣ್ಣ ವಾಪಸು ಕಳಿಸತೊಡಗಿದ. "ನಿಧಾನಣ್ಣ ಆಗ್ಬಿಟ್ಯಲ್ಲೋ!" ಎಂದು ಹಂಗಿಸಿ ಅವರು ಬೇರೆ ಅಂಗಡಿ ನೋಡಿಕೊಂಡರು. ಅವನು ಈಗಲೂ ಅದೇ ಮೆಟ್ಟಿಲ ಕೆಳಗೆ ಕೂತು ಪ್ರಿಂಟರು, ಹಳೆಯ ಕಂಪ್ಯೂಟರು ರಿಪೇರಿ ಮಾಡುತ್ತಾನೆ. ಯಂತ್ರವನ್ನು ಕೈಗೆ ಕೊಡುವ ಮುಂಚೆ, ಇದನ್ನು ಮನೆಯಲ್ಲಿ ಎಲ್ಲಿಡುತ್ತೀರಿ ಎಂದು ಪ್ರತಿಯೊಬ್ಬರನ್ನೂ ಕೇಳುತ್ತಾನೆ.