ಕಷ್ಟದ ಗಣಿತಕ್ಕೆ ಒಂದು ಸಹಿ

ಹಂದಿಮಾಂಸದ ಕಾರ್ಖಾನೆಯ ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಮಾರ್ಲಿಸ್ ಹುಕ್‌ಸ್ಟ್ರಾ ಗೇಟಿನ ಹೊರಗೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ಇನ್ನೂ ಬೆಳಕು ಹರಿದಿಲ್ಲ. ಅಯೋವಾದ ಮಾರ್ಚ್ ಗಾಳಿಗೆ ಮೂಗು ಕೆಂಪಾಗಿದೆ. ಹೊರಬರುವವರಲ್ಲಿ ಕೆಲವರು ಅವರನ್ನು ಕಂಡು ದಾರಿ ಬದಲಿಸುತ್ತಾರೆ. ಕಾಗದ ಹಿಡಿದು ನಿಂತ ಬಿಳಿ ಹೆಂಗಸೆಂದರೆ ವಲಸಿಗರ ದಾಖಲೆ ಕೇಳುವ ಸರ್ಕಾರದ ಕಡೆಯವಳೇ ಇರಬೇಕೆಂಬ ಅನುಮಾನ. ಕಾವಲುಗಾರ ಎರಡು ಸಲ ವಿಚಾರಿಸಿ ಹೋಗಿದ್ದಾನೆ.

ಮಾರ್ಲಿಸ್ ಕೀಲರ್ಟನ್ ಊರಿನ ಶಾಲೆಯ ಕೌನ್ಸೆಲರ್. ಯಾರು ಯಾವ ವಿಷಯ ಓದಬೇಕು, ಮುಂದೆ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು ಎಂದು ಹೇಳುವುದು ಅವರ ಕೆಲಸ. ನಾನೂರಕ್ಕೂ ಹೆಚ್ಚು ಮಕ್ಕಳಿಗೆ ಇವರೊಬ್ಬರೇ.

ಇವತ್ತು ಅವರು ಕಾಯುತ್ತಿರುವುದು ಯಂತ್ರ ತೊಳೆಯುವ ಎಲಿಹಿಯೊ ಬರ್ರಿಯೆಂತೋಸ್‌ಗಾಗಿ. ಅವರ ಮಗಳು ಯಾರೆಲಿ ಏಳನೇ ತರಗತಿಯಲ್ಲಿದ್ದಾಳೆ. ಮುಂದಿನ ವರ್ಷ ಅವಳು ಸಾಮಾನ್ಯ ಗಣಿತ ಬಿಟ್ಟು ಬೀಜಗಣಿತ ಓದಬೇಕಾದರೆ ತಂದೆಯ ಸಹಿ ಬೇಕು.

"ಈಗ ಎಲ್ಲದರಲ್ಲೂ ಎ ಗ್ರೇಡ್ ಬರ್ತಿದೆ," ಎಲಿಹಿಯೊ ಕಾಗದ ಮುಟ್ಟುವುದಿಲ್ಲ. "ಎ ತರೋ ಹುಡುಗಿಗೆ ಬಿ ಕೊಡಿಸೋಕೆ ಇಷ್ಟು ಬೆಳಿಗ್ಗೆ ಎದ್ದು ಬಂದ್ರಾ, ಮಿಸ್?"

"ಬಿ ಬಂದ್ರೂ ಬರಬಹುದು, ದೋನ್ ಎಲಿಹಿಯೊ," ಮಾರ್ಲಿಸ್ ತಮ್ಮ ಅರೆಬರೆ ಸ್ಪ್ಯಾನಿಷ್‌ನಲ್ಲಿ, ಗೌರವದ ‘ದೋನ್’ ಸೇರಿಸಿ ಹೇಳುತ್ತಾರೆ.

"ಡಾಕ್ಟರ್ ಮಕ್ಕಳ ಅಪ್ಪಂದಿರನ್ನೂ ಹೀಗೇ ಗೇಟಲ್ಲಿ ಹಿಡೀತೀರಾ?"

"ಇಲ್ಲ. ಅವರೇ ಫೋನ್ ಮಾಡಿ ಕೇಳ್ತಾರೆ."

ಎಲಿಹಿಯೊ ಅವರ ಕೈಯಿಂದ ಕಾಗದ ತೆಗೆದುಕೊಳ್ಳುತ್ತಾರೆ. ಸಹಿ ಹಾಕದೆ ಮಡಚಿ ಜೇಬಿಗಿಟ್ಟು ಹೊರಟುಹೋಗುತ್ತಾರೆ.

ಅನುಮಾನ ಅವರೊಬ್ಬರದಲ್ಲ. ಕಷ್ಟದ ತರಗತಿಗಳಲ್ಲಿ ಮಕ್ಕಳು ಹೆಚ್ಚಾದಷ್ಟೂ ಶಾಲೆಗೆ ಒಳ್ಳೆಯ ಹೆಸರು, ಅದಕ್ಕೇ ಇವಳು ಸಿಕ್ಕವರನ್ನೆಲ್ಲ ತುಂಬುತ್ತಾಳೆ ಎಂದು ಊರಲ್ಲಿ ಮಾತಿದೆ. ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನಾನೂ ಅದನ್ನು ನಂಬಿಯೇ ಬಂದವನು. ನಿಮಗೇನು ಲಾಭ ಎಂದು ನೇರವಾಗಿಯೇ ಕೇಳುತ್ತೇನೆ.

"ಶಾಲೆಗೆ ಹೆಸರು ಬರುತ್ತೆ, ಸುಳ್ಳಲ್ಲ," ಅವರು ಕಾರಿನ ಹೀಟರ್‌ಗೆ ಕೈ ಒಡ್ಡುತ್ತಾರೆ. "ನಂಗೆ ನೆಗಡಿ ಬರುತ್ತೆ. ನನ್ನ ಮಾತು ನಂಬಬೇಡಿ. ಡೀನಾ ರಿಟ್ಟರ್‌ನ ಕೇಳಿ."

ಡೀನಾ ಈಗ ಪಶುವೈದ್ಯರ ಆಸ್ಪತ್ರೆಯಲ್ಲಿ ಸ್ವಾಗತದ ಮೇಜಿನ ಹಿಂದೆ ಕೂರುತ್ತಾಳೆ. ಮಾರ್ಲಿಸ್ ಈ ಊರಿಗೆ ಬಂದ ವರ್ಷ ಅವಳು ಕೊನೆಯ ತರಗತಿಯಲ್ಲಿದ್ದಳು, ಇಡೀ ಶಾಲೆಗೇ ಮೊದಲು. ಅರ್ಜಿ ಹಾಕಿದ ದೊಡ್ಡ ವಿಶ್ವವಿದ್ಯಾಲಯಗಳೆಲ್ಲ ಅವಳನ್ನು ಬೇಡವೆಂದವು. ಅಂಕದಲ್ಲಿ ಅವಳಿಗಿಂತ ಹಿಂದಿದ್ದ, ಶಾಲೆಯ ಅತಿ ಕಷ್ಟದ ಗಣಿತವಾದ ಕ್ಯಾಲ್ಕುಲಸ್‌ನಲ್ಲಿ ಬಿ ಪಡೆದ ವಕೀಲರ ಮಗನಿಗೆ ಅವುಗಳಲ್ಲೇ ಒಂದರಲ್ಲಿ ಸೀಟು ಸಿಕ್ಕಿತು.

"ಶಾಲೇಲಿ ಕ್ಯಾಲ್ಕುಲಸ್ ಇದ್ದೂ ಯಾಕೆ ತಗೊಂಡಿಲ್ಲ ಅಂತ ಯೂನಿವರ್ಸಿಟಿಯವರು ನೋಡ್ತಾರಂತೆ," ಡೀನಾ ನಾಯಿಯೊಂದರ ಹಗ್ಗ ಬಿಡಿಸುತ್ತ ಹೇಳುತ್ತಾಳೆ. "ಕೊನೇ ವರ್ಷ ತಗೊಳ್ಳೋಣ ಅಂತ ಹೋಗಿದ್ದೆ. ಎಂಟನೇ ಕ್ಲಾಸಲ್ಲೇ ಬೀಜಗಣಿತ ಮಾಡಿದ್ರೆ ಮಾತ್ರ ಅಲ್ಲಿಗೆ ಮುಟ್ಟೋದು ಅಂದ್ರು. ಎಂಟನೇ ಕ್ಲಾಸಲ್ಲಿ ನಂಗೆ ಯಾರು ಹೇಳಿದ್ರು?"

ಮಾರ್ಲಿಸ್ ಎಂಟಕ್ಕೆ ಕಾಲಿಡುವ ಮಕ್ಕಳ ಅಪ್ಪ ಅಮ್ಮಂದಿರನ್ನು ಹುಡುಕಿಕೊಂಡು ಬರುವುದು ಯಾಕೆಂದು ನನಗೆ ತಿಳಿಯುವುದು ಅಲ್ಲಿ. ಬೀಜಗಣಿತಕ್ಕೆ ಮಕ್ಕಳ ಹೆಸರು ಸೂಚಿಸುವವರು ಶಿಕ್ಷಕರು. ಕಾರ್ಖಾನೆಯವರ ಮಕ್ಕಳ ಹೆಸರು ಆ ಸೂಚನೆಯಲ್ಲಿ ಬರುವುದು ಅಪರೂಪ. ಬಿಟ್ಟುಹೋದವರನ್ನು ಸೇರಿಸಲು ಉಳಿದಿರುವ ದಾರಿ ತಂದೆತಾಯಿಯ ಸಹಿ ಒಂದೇ.

ವಾರದ ನಂತರ ಶಾಲೆಯಲ್ಲಿ ಮಾರ್ಲಿಸ್ ಅವರ ಕೋಣೆಯಲ್ಲಿ ನಾವಿಬ್ಬರೂ ಮಾತಾಡುತ್ತ ಕೂತಿದ್ದಾಗ ಎಲಿಹಿಯೊ ಬರುತ್ತಾರೆ. ನಿದ್ದೆಯಿಲ್ಲದ ಕಣ್ಣು, ಕಾಲಲ್ಲಿ ಇನ್ನೂ ರಬ್ಬರ್ ಬೂಟು. ಜತೆಯಲ್ಲಿ ಮಗಳು ಯಾರೆಲಿ. ಅವರು ಮಾರ್ಲಿಸ್ ಜತೆ ಮಾತಾಡಲು ಬಂದವರಲ್ಲ. "ಗಣಿತದ ಮೇಷ್ಟ್ರು ಎಲ್ಲಿ?"

ಗಣಿತದ ಬ್ರೆಂಟ್ ಓಲ್ಡೆನ್ ಬರುತ್ತಾರೆ. ಎಲಿಹಿಯೊ ಕೇಳುವುದನ್ನು ಮಗಳೇ ಇಂಗ್ಲಿಷಿಗೆ ತಿರುಗಿಸಬೇಕು. "ಬೀಜಗಣಿತಕ್ಕೆ ನನ್ನ ಹೆಸರು ಯಾಕೆ ಬರೀಲಿಲ್ಲ ಅಂತ ಅಪ್ಪ ಕೇಳ್ತಿದ್ದಾರೆ, ಸರ್."

"ಒಳ್ಳೆ ಹುಡುಗಿ," ಓಲ್ಡೆನ್ ತಡವರಿಸುತ್ತಾರೆ. "ಆದ್ರೆ ಕ್ಲಾಸಲ್ಲಿ ಕೈ ಎತ್ತಲ್ಲ. ತೀರಾ ಸುಮ್ಮನಿರ್ತಾಳೆ. ಅಲ್ಲಿ ಕಷ್ಟಪಡ್ತಾಳೇನೋ ಅಂತ."

ಯಾರೆಲಿ ತಲೆ ತಗ್ಗಿಸಿ ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದ್ದು ಕೇಳಿ ಎಲಿಹಿಯೊ ಮುಖ ಬಿಗಿಯುತ್ತದೆ. "ಶಾಲೇಲಿ ಸುಮ್ಮನಿರು ಅಂತ ಮನೇಲಿ ನಾವೇ ಹೇಳ್ಕೊಟ್ಟಿದ್ದು," ಎನ್ನುತ್ತಾರೆ. "ಅದು ಮರ್ಯಾದೆ. ಲೆಕ್ಕ ಬರಲ್ಲ ಅಂತಲ್ಲ."

ಜೇಬಿನಿಂದ ಕಾಗದ ತೆಗೆದು, ಓಲ್ಡೆನ್ ಕಣ್ಣೆದುರೇ ಸಹಿ ಹಾಕಿ, ಮಾರ್ಲಿಸ್ ಕೈಗೆ ಕೊಡುತ್ತಾರೆ. "ನಿಮ್ಮ ಮೇಲೂ ನಂಗೆ ನಂಬಿಕೆ ಇಲ್ಲ, ಮಿಸ್. ಮಾರ್ಕ್ಸ್ ಬಿದ್ರೆ ಬಂದು ಕೇಳ್ತೀನಿ."

"ಕೇಳಿ," ಮಾರ್ಲಿಸ್ ಹೇಳುತ್ತಾರೆ. "ಒಳ್ಳೆ ಯೂನಿವರ್ಸಿಟೀಲಿ ಸೀಟು ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ. ಇವಳು ಸುಲಭದ್ದು ಮಾತ್ರ ಓದಿದ್ದಾಳೆ ಅಂತ ಯಾರೂ ಪಕ್ಕಕ್ಕೆ ಇಡಬಾರದು, ಅಷ್ಟೇ."

ಅವರು ಹೋದಮೇಲೆ, ಇನ್ನೆಷ್ಟು ವರ್ಷ ಹೀಗೆ ಗೇಟಿನಲ್ಲಿ ನಿಲ್ಲುತ್ತೀರಿ ಎಂದು ಕೇಳುತ್ತೇನೆ. ಮಾರ್ಲಿಸ್ ಮುಂದಿನ ಮಗುವಿನ ಅಮ್ಮನಿಗೆ ಆಗಲೇ ಫೋನ್ ಹಚ್ಚಿದ್ದಾರೆ. ಅತ್ತ ಯಾರೂ ಎತ್ತುತ್ತಿಲ್ಲ.

"ಶಾಲೆಯವರು ಎಲ್ಲ ಮಕ್ಕಳನ್ನೂ ಮೊದಲು ಕಷ್ಟದ ಕ್ಲಾಸಿಗೇ ಹಾಕ್ಲಿ," ಫೋನ್ ಕಿವಿಗಿಟ್ಟುಕೊಂಡೇ ಹೇಳುತ್ತಾರೆ. "ಬೇಡ ಅನ್ನೋರು ಬಂದು ಸಹಿ ಹಾಕ್ಲಿ. ಆವತ್ತು ನಾನು ಮನೇಲಿ ಮಲಗ್ತೀನಿ."